ಕೊರಳಿನ ಗಂಟು: ಕತ್ತರಿಯ ಪ್ರಶ್ನೆ, ಅಳತೆಯ ಉತ್ತರ

ಕುತ್ತಿಗೆಯ ಸ್ಕ್ಯಾನಿಂಗ್ ವರದಿಯಲ್ಲಿ ‘ಥೈರಾಯ್ಡ್ ಗ್ರಂಥಿಯಲ್ಲಿ ಗಂಟು ಕಂಡುಬಂದಿದೆ’ ಎಂಬ ಒಂದು ಸಾಲು ಇಡೀ ಮನೆಯ ನಿದ್ದೆಗೆಡಿಸಲು ಸಾಕು. ವಿಚಿತ್ರವೆಂದರೆ ಬಹಳಷ್ಟು ಸಂದರ್ಭಗಳಲ್ಲಿ ಆ ಗಂಟನ್ನು ಯಾರೂ ಹುಡುಕಿ ಹೊರಟಿರುವುದಿಲ್ಲ. ಕತ್ತುನೋವಿಗೆಂದೋ, ಮೆದುಳಿಗೆ ರಕ್ತ ಒಯ್ಯುವ ನಾಳಗಳ ತಪಾಸಣೆಗೆಂದೋ, ರಿಯಾಯಿತಿ ದರದ ‘ಮಾಸ್ಟರ್ ಹೆಲ್ತ್ ಚೆಕಪ್’ನ ಅಂಗವಾಗಿಯೋ ನಡೆದ ಪರೀಕ್ಷೆಯಲ್ಲಿ ಅದು ಆಕಸ್ಮಿಕವಾಗಿ ಸಿಕ್ಕಿರುತ್ತದೆ. ಮಧ್ಯವಯಸ್ಸು ದಾಟಿದ ಮಹಿಳೆಯರ ಕೊರಳನ್ನು ಅಲ್ಟ್ರಾಸೌಂಡ್ ಯಂತ್ರದಿಂದ ಜಾಲಾಡಿದರೆ ಅರ್ಧದಷ್ಟು ಮಂದಿಯಲ್ಲಿ ಒಂದಿಲ್ಲೊಂದು ಗಂಟು ಕಾಣಿಸುವುದು ಅಸಹಜವೇನಲ್ಲ. ಅವುಗಳಲ್ಲಿ ನೂರಕ್ಕೆ ಸುಮಾರು ತೊಂಬತ್ತು ಕ್ಯಾನ್ಸರ್ ಅಲ್ಲವೇ ಅಲ್ಲ.

ಉಳಿದ ಹತ್ತರ ವಿಷಯದಲ್ಲಿ ಎರಡು ಪ್ರಶ್ನೆಗಳೇಳುತ್ತವೆ. ತೆಗೆಯಬೇಕೆ? ತೆಗೆಯುವುದಾದರೆ ಎಷ್ಟು? ಕ್ಯಾನ್ಸರ್ ಎಂದೊಡನೆ ‘ಬೇರು ಸಹಿತ ಕಿತ್ತೊಗೆಯಿರಿ’ ಎನ್ನುವುದು ರೋಗಿಯ ಸಹಜ ಬಯಕೆ; ಬಹುಕಾಲ ವೈದ್ಯರ ನಿಲುವೂ ಅದೇ ಆಗಿತ್ತು. ಆದರೆ ಥೈರಾಯ್ಡ್ ವಿಷಯದಲ್ಲಿ ಪೂರ್ತಿ ಕಿತ್ತೊಗೆಯುವುದಕ್ಕೆ ತೆರಬೇಕಾದ ಬೆಲೆ ಏನೆಂಬುದು 1883ರಷ್ಟು ಹಿಂದೆಯೇ ತಿಳಿದುಬಂದಿತ್ತು. ಆ ಬೆಲೆಗೂ ಗಂಟು ಒಡ್ಡುವ ಅಪಾಯಕ್ಕೂ ತಾಳೆ ಹಾಕುವುದೇ ಇಂದಿನ ಥೈರಾಯ್ಡ್ ಚಿಕಿತ್ಸೆಯ ತಿರುಳು.

ಮುಟ್ಟಬಾರದ ಗ್ರಂಥಿ

ಕೊರಳಿನ ಮುಂಭಾಗದಲ್ಲಿ, ಶ್ವಾಸನಾಳಕ್ಕೆ ಅಂಟಿಕೊಂಡಂತೆ ರೆಕ್ಕೆ ಬಿಚ್ಚಿದ ಚಿಟ್ಟೆಯ ಆಕಾರದಲ್ಲಿ ಥೈರಾಯ್ಡ್ ಗ್ರಂಥಿ ಇದೆ. ಎಡಬಲಗಳಲ್ಲಿ ಎರಡು ಹಾಲೆಗಳು, ನಡುವೆ ಅವನ್ನು ಬೆಸೆಯುವ ಕಿರಿದಾದ ಸೇತುವೆ. ತೂಕ ಹೆಚ್ಚೆಂದರೆ 20 ಗ್ರಾಂ ಆಸುಪಾಸು. ಆಹಾರದಲ್ಲಿನ ಅಯೋಡಿನ್ ಹೀರಿಕೊಂಡು ಇದು ತಯಾರಿಸುವ ಹಾರ್ಮೋನು ನೇರವಾಗಿ ರಕ್ತಕ್ಕೆ ಸೇರಿ ದೇಹದ ಪ್ರತಿಯೊಂದು ಅಂಗದ ವೇಗವನ್ನೂ ನಿಯಂತ್ರಿಸುತ್ತದೆ. ಹೀಗೆ ನಾಳವಿಲ್ಲದೆ ಕೆಲಸ ಮಾಡುವ ಗ್ರಂಥಿಗಳಿಗೆ ನಿರ್ನಾಳ ಗ್ರಂಥಿಗಳೆಂದು ಹೆಸರು.

ಗಾತ್ರ ಚಿಕ್ಕದಾದರೂ ಈ ಗ್ರಂಥಿಗೆ ರಕ್ತಪೂರೈಕೆ ಅಪಾರ. ಅರಿವಳಿಕೆ, ಕ್ರಿಮಿನಾಶಕಗಳು ಹೊಸದಾಗಿದ್ದ ಕಾಲದಲ್ಲಿ ಇಲ್ಲಿ ಚಾಕು ಆಡಿಸುವುದೆಂದರೆ ರಕ್ತದ ಮಡುವಿಗೆ ಕೈ ಹಾಕಿದಂತೆಯೇ ಆಗಿತ್ತು. ಹತ್ತೊಂಬತ್ತನೇ ಶತಮಾನದ ಮಧ್ಯಭಾಗದಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದ ಪ್ರತಿ ಹತ್ತು ಮಂದಿಯಲ್ಲಿ ನಾಲ್ವರು ಬದುಕುಳಿಯುತ್ತಿರಲಿಲ್ಲ. 1850ರಲ್ಲಿ ಫ್ರಾನ್ಸಿನ ವೈದ್ಯಕೀಯ ಅಕಾಡೆಮಿಯು ಥೈರಾಯ್ಡ್ ಶಸ್ತ್ರಚಿಕಿತ್ಸೆಯನ್ನೇ ಖಂಡಿಸಿತು.

ಈ ಸ್ಥಿತಿಯನ್ನು ಬದಲಿಸಿದವರು ಸ್ವಿಟ್ಜರ್‌ಲೆಂಡ್‌ನ ಬರ್ನ್ ನಗರದ ಥಿಯೋಡರ್ ಕೋಖರ್. ಆಲ್ಪ್ಸ್ ಪರ್ವತದ ಕಣಿವೆಗಳ ಮಣ್ಣಿನಲ್ಲಿ ಅಯೋಡಿನ್ ಕೊರತೆ ಇದ್ದುದರಿಂದ ಅಲ್ಲಿ ಗಳಗಂಡ ಮನೆಮನೆಯ ಕಾಯಿಲೆಯಾಗಿತ್ತು. ಕೋಖರ್ ತಮ್ಮ ಜೀವಿತಾವಧಿಯಲ್ಲಿ ಐದು ಸಾವಿರಕ್ಕೂ ಹೆಚ್ಚು ಥೈರಾಯ್ಡ್ ಶಸ್ತ್ರಚಿಕಿತ್ಸೆ ನಡೆಸಿದರು. ರಕ್ತನಾಳಗಳನ್ನು ಒಂದೊಂದಾಗಿ ಕಟ್ಟುತ್ತ, ನಿಧಾನವಾಗಿ, ಅತ್ಯಂತ ಸ್ವಚ್ಛವಾಗಿ ಕೆಲಸ ಮಾಡುವುದು ಅವರ ವೈಖರಿ. ಆರಂಭದಲ್ಲಿ ಶೇ 13ರಷ್ಟಿದ್ದ ಸಾವಿನ ಪ್ರಮಾಣ ಅವರ ಕೊನೆಯ ವರ್ಷಗಳಲ್ಲಿ ಶೇ 1ಕ್ಕಿಂತ ಕೆಳಗಿಳಿಯಿತು. 1909ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. ಶಸ್ತ್ರವೈದ್ಯರೊಬ್ಬರಿಗೆ ಆ ಗೌರವ ಸಂದದ್ದು ಅದೇ ಮೊದಲು.

ಆದರೆ ಅವರ ಯಶಸ್ಸೇ ಅವರನ್ನು ಬೆಚ್ಚಿಬೀಳಿಸಿತು. 1874ರಲ್ಲಿ ಗ್ರಂಥಿಯನ್ನು ಪೂರ್ಣವಾಗಿ ತೆಗೆದಿದ್ದ ಬಾಲಕಿಯೊಬ್ಬಳು ಬೆಳವಣಿಗೆ ಕುಂಠಿತಗೊಂಡು, ಮುಖ ಊದಿ, ಬುದ್ಧಿ ಮಂದವಾಗಿದ್ದಾಳೆಂಬ ಸುದ್ದಿ ಸಹವೈದ್ಯರಿಂದ ಬಂತು. ಕೋಖರ್ ತಮ್ಮ ಹಳೆಯ ರೋಗಿಗಳನ್ನೆಲ್ಲ ಮರಳಿ ಕರೆಸಿ ನೋಡಿದರು. ಪೂರ್ಣ ಗ್ರಂಥಿ ಕಳೆದುಕೊಂಡವರಲ್ಲಿ ಹೆಚ್ಚಿನವರ ಪಾಡು ಅದೇ ಆಗಿತ್ತು. 1883ರಲ್ಲಿ ಅವರು ಇದನ್ನು ಬಹಿರಂಗವಾಗಿ ವರದಿ ಮಾಡಿದರು. ಥೈರಾಯ್ಡ್ ಇಲ್ಲದೆ ಮನುಷ್ಯ ಬದುಕಬಲ್ಲ, ಆದರೆ ಮನುಷ್ಯನಾಗಿ ಉಳಿಯುವುದು ಕಷ್ಟ ಎಂಬುದು ಜಗತ್ತಿಗೆ ತಿಳಿದದ್ದು ಹೀಗೆ, ಶಸ್ತ್ರಕ್ರಿಯೆಯ ಅಡ್ಡಪರಿಣಾಮದಿಂದ.

ಇದಕ್ಕೆ ಮದ್ದು ಸಿಕ್ಕಿದ್ದು 1891ರಲ್ಲಿ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ವೈದ್ಯ ಜಾರ್ಜ್ ಮರೆ, ಥೈರಾಯ್ಡ್ ಕ್ಷೀಣಿಸಿದ್ದ ಮಹಿಳೆಯೊಬ್ಬರಿಗೆ ಕುರಿಯ ಥೈರಾಯ್ಡ್ ಗ್ರಂಥಿಯ ಸಾರವನ್ನು ಚುಚ್ಚುಮದ್ದಾಗಿ ನೀಡಿದರು. ಆಕೆ ಆ ನಂತರ 28 ವರ್ಷ ಬಾಳಿದರು. 1914ರಲ್ಲಿ ಅಮೆರಿಕದ ಎಡ್ವರ್ಡ್ ಕೆಂಡಾಲ್ ಹಾರ್ಮೋನನ್ನೇ ಬೇರ್ಪಡಿಸಿ ಥೈರಾಕ್ಸಿನ್ ಎಂದು ಹೆಸರಿಟ್ಟರು. ಇಂದು ಔಷಧದಂಗಡಿಯಲ್ಲಿ ಸಿಗುವ ಪುಟ್ಟ ಮಾತ್ರೆ ಆ ಸಾಹಸದ ಫಲ. ಈ ಮಾತ್ರೆಯ ಬಲದಿಂದಲೇ ಮುಂದಿನ ಪೀಳಿಗೆಯ ಶಸ್ತ್ರವೈದ್ಯರು ಇಡೀ ಗ್ರಂಥಿಯನ್ನು ನಿಸ್ಸಂಕೋಚವಾಗಿ ತೆಗೆಯತೊಡಗಿದರು. ನಿಸ್ಸಂಕೋಚ ತುಸು ಅತಿಯಾಯಿತು ಎಂಬುದು ಈಗಿನ ತಿಳಿವಳಿಕೆ.

ನಾಲ್ಕು ಕಾಳು, ಎರಡು ಎಳೆ

ಥೈರಾಯ್ಡ್ ಹಾರ್ಮೋನಿಗೆ ಮಾತ್ರೆಯೇನೋ ಉಂಟು. ಆದರೆ ಆ ಗ್ರಂಥಿಯ ಬೆನ್ನಿಗಂಟಿಕೊಂಡಿರುವ ಕೆಲವು ವಸ್ತುಗಳಿಗೆ ಪರ್ಯಾಯ ಸುಲಭವಿಲ್ಲ.

ಮೊದಲನೆಯದು ಪ್ಯಾರಾಥೈರಾಯ್ಡ್ ಗ್ರಂಥಿಗಳು. ಸಾಮಾನ್ಯವಾಗಿ ನಾಲ್ಕು, ಒಂದೊಂದೂ ಅಕ್ಕಿಕಾಳಿನಷ್ಟು. ರಕ್ತದಲ್ಲಿನ ಕ್ಯಾಲ್ಸಿಯಂ ಮಟ್ಟವನ್ನು ಕಾಯುವುದು ಇವುಗಳ ಕೆಲಸ. ಇವನ್ನು ಮೊದಲು ಗುರುತಿಸಿದ್ದು ಮನುಷ್ಯರಲ್ಲಲ್ಲ, ಭಾರತದ ಘೇಂಡಾಮೃಗದಲ್ಲಿ! ಲಂಡನ್ ಮೃಗಾಲಯದಲ್ಲಿ ಸತ್ತ ಘೇಂಡಾಮೃಗವನ್ನು ಹತ್ತೊಂಬತ್ತನೇ ಶತಮಾನದ ಮಧ್ಯದಲ್ಲಿ ಕೊಯ್ದು ನೋಡಿದ ರಿಚರ್ಡ್ ಓವೆನ್ ಅದರ ಕೊರಳಿನಲ್ಲಿ ಈ ಪುಟ್ಟ ವಸ್ತುವನ್ನು ಕಂಡು ದಾಖಲಿಸಿದ್ದರು. ಮನುಷ್ಯರಲ್ಲಿ ಅದನ್ನು ವಿವರಿಸಿದ್ದು 1880ರಲ್ಲಿ, ಸ್ವೀಡನ್ನಿನ ವೈದ್ಯ ವಿದ್ಯಾರ್ಥಿ ಇವಾರ್ ಸ್ಯಾಂಡ್‌ಸ್ಟ್ರೋಮ್.

ಇವು ಥೈರಾಯ್ಡ್ ಜತೆಗೆ ಹೊರಬಂದರೆ ಅಥವಾ ಅವುಗಳ ರಕ್ತಪೂರೈಕೆ ಕಡಿದರೆ ಒಂದೆರಡು ದಿನಗಳಲ್ಲೇ ತುಟಿಯ ಸುತ್ತ, ಬೆರಳತುದಿಗಳಲ್ಲಿ ಜುಮುಗುಡುವಿಕೆ ಶುರುವಾಗುತ್ತದೆ. ಬಳಿಕ ಕೈಕಾಲು ಸೆಟೆದುಕೊಳ್ಳುತ್ತವೆ. ವಿಯೆನ್ನಾದ ಪ್ರಸಿದ್ಧ ಶಸ್ತ್ರವೈದ್ಯ ಬಿಲ್‌ರೋತ್ ಅವರ ರೋಗಿಗಳಿಗೆ ಸೆಟೆತ ಬರುತ್ತಿದ್ದುದೂ, ಕೋಖರ್ ರೋಗಿಗಳಿಗೆ ಅದು ಬಾರದೆ ಥೈರಾಯ್ಡ್ ಕೊರತೆಯ ಊತ ಬರುತ್ತಿದ್ದುದೂ ಏಕೆಂದು ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ಬಹಳ ಯೋಚಿಸಿದ್ದರು. ಕೋಖರ್ ಅವರದು ಸಾವಧಾನದ ಕೈ. ಥೈರಾಯ್ಡ್ ಪೂರ್ತಿ ಬರುತ್ತಿತ್ತು, ಸುತ್ತಲಿನದು ಉಳಿಯುತ್ತಿತ್ತು. ಬಿಲ್‌ರೋತ್ ಅವರದು ವೇಗದ ಕೈ. ಥೈರಾಯ್ಡ್‌ನ ಚೂರು ಉಳಿಯುತ್ತಿತ್ತು, ಪ್ಯಾರಾಥೈರಾಯ್ಡ್ ಹೋಗುತ್ತಿತ್ತು. ಕಾಯಿಲೆ ಒಂದೇ, ಹೆಸರೂ ಒಂದೇ, ಕೈ ಮಾತ್ರ ಬೇರೆ.

ಎರಡನೆಯದು ಧ್ವನಿಪೆಟ್ಟಿಗೆಯ ನರಗಳು. ಮೆದುಳಿನಿಂದ ಹೊರಟ ಈ ನರ ನೇರವಾಗಿ ಗಂಟಲಿಗೆ ಬಾರದೆ ಎದೆಯತ್ತ ಇಳಿದು, ಎಡಗಡೆಯದು ಮಹಾಪಧಮನಿಯನ್ನೂ ಬಲಗಡೆಯದು ತೋಳಿನತ್ತ ಸಾಗುವ ಧಮನಿಯನ್ನೂ ಸುತ್ತುಹಾಕಿ ಮತ್ತೆ ಮೇಲೇರುತ್ತದೆ. ಮೇಲೇರುವ ಹಾದಿ ಥೈರಾಯ್ಡ್‌ನ ಹಿಂಬದಿಯಲ್ಲೇ. ದಪ್ಪ ದಾರದಷ್ಟಿರುವ ಈ ಎಳೆಗೆ ಪೆಟ್ಟಾದರೆ ದನಿ ಒಡೆಯುತ್ತದೆ. ಎರಡೂ ಕಡೆ ಪೆಟ್ಟಾದರೆ ಉಸಿರಾಟಕ್ಕೇ ಸಂಚಕಾರ ಬಂದು ಶ್ವಾಸನಾಳಕ್ಕೆ ರಂಧ್ರ ಕೊರೆಯಬೇಕಾದೀತು. ಇದಲ್ಲದೆ ಮೇಲ್ಭಾಗದಲ್ಲಿ ಇನ್ನೊಂದು ಸೂಕ್ಷ್ಮ ನರವಿದೆ. ತಾರಸ್ಥಾಯಿಗೆ ದನಿ ಏರಿಸುವ ಶಕ್ತಿ ಅದರದು. ಇಟಲಿಯ ಖ್ಯಾತ ಗಾಯಕಿ ಅಮೆಲಿಟಾ ಗಲ್ಲಿ ಕೂರ್ಚಿ 1935ರಲ್ಲಿ ಗಳಗಂಡದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ನಂತರ ಹಿಂದಿನಂತೆ ಹಾಡಲಾಗಲಿಲ್ಲ. ಆ ನರ ತುಂಡಾದದ್ದೇ ಕಾರಣವೆಂದು ವೈದ್ಯ ವಿದ್ಯಾರ್ಥಿಗಳಿಗೆ ದಶಕಗಳ ಕಾಲ ಪಾಠ ಹೇಳಲಾಯಿತು. ಆಕೆಯ ದನಿ ಅದಕ್ಕೂ ಮೊದಲೇ ಇಳಿಮುಖವಾಗಿತ್ತೆಂದು ನಂತರದ ಕೆಲವು ವಿದ್ವಾಂಸರು ವಾದಿಸಿದ್ದಾರೆ. ಪಾಠವಂತೂ ಉಪಯುಕ್ತವೇ. ಶಿಕ್ಷಕರು, ಗಾಯಕರು, ವಕೀಲರು ಶಸ್ತ್ರಚಿಕಿತ್ಸೆಗೆ ಮುನ್ನ ತಮ್ಮ ವೃತ್ತಿಯನ್ನು ವೈದ್ಯರಿಗೆ ಹೇಳಲು ಮರೆಯಬಾರದು.

ಇಂದು ನರವನ್ನು ಕಣ್ಣಾರೆ ಗುರುತಿಸದೆ ಯಾವ ನುರಿತ ಶಸ್ತ್ರವೈದ್ಯರೂ ಮುಂದುವರಿಯುವುದಿಲ್ಲ. ಉಸಿರಾಟದ ಕೊಳವೆಗೆ ವಿದ್ಯುದ್ವಾರ ಅಳವಡಿಸಿ ನರದ ಸ್ಪಂದನವನ್ನು ಪರದೆಯ ಮೇಲೆ ನೋಡುವ ಉಪಕರಣವೂ ಬಂದಿದೆ. ಮೊದಲ ಭಾಗದಲ್ಲಿ ಸ್ಪಂದನ ನಿಂತುಹೋದರೆ ಎರಡನೇ ಭಾಗವನ್ನು ಅಂದು ಮುಟ್ಟದೆ ಹೊಲಿಗೆ ಹಾಕಿ, ನರ ಚೇತರಿಸಿಕೊಂಡ ಮೇಲೆ ಮತ್ತೊಮ್ಮೆ ಕರೆಯುವುದುಂಟು. ‘ಅರ್ಧ ಮಾಡಿ ಬಿಟ್ಟರು’ ಎಂದು ಮನೆಯವರು ಸಿಟ್ಟಾಗುವ ಇಂಥ ಪ್ರಸಂಗದಲ್ಲಿ ವೈದ್ಯರು ಮಾಡಿದ್ದೇ ಸರಿ.

ಗಂಟನ್ನು ಓದುವ ಬಗೆ

ಗಂಟು ಸಿಕ್ಕೊಡನೆ ಮೊದಲು ನೋಡಬೇಕಾದದ್ದು ಟಿಎಸ್‌ಎಚ್ ಎಂಬ ರಕ್ತಪರೀಕ್ಷೆ. ಅದರ ಮಟ್ಟ ತೀರಾ ಕಡಿಮೆಯಿದ್ದರೆ ಗಂಟೇ ಹಾರ್ಮೋನು ಸುರಿಸುತ್ತಿರಬಹುದು. ಅಂಥ ಗಂಟು ಕ್ಯಾನ್ಸರ್ ಆಗಿರುವುದು ತೀರಾ ಅಪರೂಪ. ನಂತರ ಅಲ್ಟ್ರಾಸೌಂಡ್. ಗಂಟಿನ ಅಂಚು ನಯವಾಗಿದೆಯೇ, ಅಡ್ಡಕ್ಕಿಂತ ಉದ್ದ ಹೆಚ್ಚಿದೆಯೇ, ಒಳಗೆ ಸುಣ್ಣದ ಕಣಗಳಿವೆಯೇ ಎಂಬುದನ್ನು ನೋಡಿ ಅಂಕ ಕೊಡುವ ಪದ್ಧತಿಗೆ ಟಿ-ರ‍್ಯಾಡ್ಸ್ ಎಂದು ಹೆಸರು. 1ರಿಂದ 5ರವರೆಗಿನ ಈ ಶ್ರೇಣಿಯಲ್ಲಿ 4 ಎಂದು ಕಂಡೊಡನೆ ‘ನಾಲ್ಕನೇ ಹಂತದ ಕ್ಯಾನ್ಸರ್’ ಎಂದು ಭಾವಿಸಿ ಕಂಗಾಲಾಗುವವರಿದ್ದಾರೆ. ಇದು ಕ್ಯಾನ್ಸರಿನ ಹಂತವಲ್ಲ, ಅನುಮಾನದ ಅಳತೆ ಮಾತ್ರ. ಗಂಟಿನ ಅಂಕ ಮತ್ತು ಗಾತ್ರ ಎರಡನ್ನೂ ನೋಡಿಯೇ ಸೂಜಿ ಹಾಕಬೇಕೋ ಬೇಡವೋ ಎಂಬುದು ನಿರ್ಧಾರವಾಗುತ್ತದೆ.

ಸೂಜಿ ಪರೀಕ್ಷೆಯಲ್ಲಿ ತೆಳುವಾದ ಸೂಜಿಯಿಂದ ಕೆಲವು ಕೋಶಗಳನ್ನು ಹೀರಿ ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯ ನಮ್ಮಲ್ಲಿ ಬಲವಾಗಿದೆ. ಥೈರಾಯ್ಡ್ ಮಟ್ಟಿಗೆ ಅದಕ್ಕೆ ಆಧಾರವಿಲ್ಲವೆಂದೇ ಹೇಳಬಹುದು. ಫಲಿತಾಂಶವನ್ನು ಬೆಥೆಸ್ಡಾ ಪದ್ಧತಿಯಂತೆ ಆರು ವರ್ಗಗಳಲ್ಲಿ ಹೇಳಲಾಗುತ್ತದೆ. ಎರಡನೇ ವರ್ಗ ನಿರಪಾಯ, ಆರನೆಯದು ಕ್ಯಾನ್ಸರ್. ತೊಡಕಿರುವುದು ನಡುವಿನ ವರ್ಗಗಳಲ್ಲಿ. ಫಾಲಿಕ್ಯುಲರ್ ಎಂಬ ಬಗೆಯ ಗಡ್ಡೆ ಸಾಧುವೋ ದುಷ್ಟವೋ ಎಂಬುದು ಅದರ ಕೋಶಗಳ ಚಹರೆಯಿಂದ ಗೊತ್ತಾಗುವುದಿಲ್ಲ. ಅದು ತನ್ನ ಹೊರಪೊರೆಯನ್ನು ಸೀಳಿ ಹೊರಬಂದಿದೆಯೇ ಎಂಬುದರಿಂದ ಗೊತ್ತಾಗುತ್ತದೆ. ಸೂಜಿಗೆ ಕೋಶ ಸಿಗುತ್ತದೆ, ಪೊರೆಯ ಚಿತ್ರ ಸಿಗುವುದಿಲ್ಲ. ಆದ್ದರಿಂದ ಕೆಲವರಿಗೆ ರೋಗ ಯಾವುದೆಂದು ತಿಳಿಯುವುದಕ್ಕಾಗಿಯೇ ಒಂದು ಹಾಲೆಯನ್ನು ತೆಗೆಯಬೇಕಾಗುತ್ತದೆ. ‘ಕ್ಯಾನ್ಸರ್ ಇಲ್ಲವೆಂದಾದರೆ ಆಪರೇಷನ್ ಮಾಡಿದ್ದೇಕೆ’ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ.

ಕೊರಿಯಾ ಕಲಿಸಿದ್ದು, ಜಪಾನ್ ಕಾದದ್ದು

ಥೈರಾಯ್ಡ್ ಕ್ಯಾನ್ಸರುಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪ್ಯಾಪಿಲರಿ ಬಗೆಯವು. ಬಹುತೇಕ ನಿಧಾನ ಸ್ವಭಾವದವು. ಎಷ್ಟು ನಿಧಾನವೆಂದರೆ, 1985ರಲ್ಲಿ ಫಿನ್ಲೆಂಡ್‌ನ ಸಂಶೋಧಕರು 101 ಶವಗಳ ಥೈರಾಯ್ಡ್ ಗ್ರಂಥಿಯನ್ನು ತೆಳುವಾಗಿ ಕತ್ತರಿಸಿ ನೋಡಿದಾಗ 36ರಲ್ಲಿ ಪ್ಯಾಪಿಲರಿ ಕ್ಯಾನ್ಸರಿನ ಪುಟ್ಟ ತುಣುಕುಗಳು ಸಿಕ್ಕವು. ಅವರು ಬದುಕಿದ್ದಾಗ ಆ ಕ್ಯಾನ್ಸರ್ ಯಾರ ಗಮನಕ್ಕೂ ಬಂದಿರಲಿಲ್ಲ.

ಈ ಸತ್ಯವನ್ನು ಮರೆತರೆ ಏನಾಗುತ್ತದೆಂಬುದಕ್ಕೆ ದಕ್ಷಿಣ ಕೊರಿಯಾ ಸಾಕ್ಷಿ. 1999ರಲ್ಲಿ ಅಲ್ಲಿನ ಸರ್ಕಾರ ಕ್ಯಾನ್ಸರ್ ತಪಾಸಣೆಯ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. ಥೈರಾಯ್ಡ್ ಅದರಲ್ಲಿ ಸೇರಿರಲಿಲ್ಲ. ಆದರೆ ಆಸ್ಪತ್ರೆಗಳು ಅಲ್ಪ ಶುಲ್ಕಕ್ಕೆ ಕೊರಳಿನ ಅಲ್ಟ್ರಾಸೌಂಡ್ ಅನ್ನೂ ಜೋಡಿಸಿಕೊಟ್ಟವು. ಪರಿಣಾಮವಾಗಿ 2011ರಲ್ಲಿ ಪತ್ತೆಯಾದ ಥೈರಾಯ್ಡ್ ಕ್ಯಾನ್ಸರ್ ಪ್ರಮಾಣ 1993ರದಕ್ಕಿಂತ 15 ಪಟ್ಟು ಹೆಚ್ಚಾಯಿತು. ಆ ಒಂದೇ ವರ್ಷ 40 ಸಾವಿರಕ್ಕೂ ಹೆಚ್ಚು ಜನ ರೋಗಿಗಳೆನಿಸಿಕೊಂಡರು. ಈ ರೋಗದಿಂದ ಸಾಯುವವರ ಸಂಖ್ಯೆ ಮಾತ್ರ ಇಳಿಯಲಿಲ್ಲ, ಏರಲೂ ಇಲ್ಲ. ಪತ್ತೆಯಾದವರಲ್ಲಿ ಬಹುತೇಕ ಎಲ್ಲರೂ ಶಸ್ತ್ರಚಿಕಿತ್ಸೆಗೊಳಗಾದರು. ಅವರಲ್ಲಿ ಶೇ 11 ಮಂದಿಗೆ ಪ್ಯಾರಾಥೈರಾಯ್ಡ್ ಕೊರತೆ, ಶೇ 2 ಮಂದಿಗೆ ಧ್ವನಿತಂತುಗಳ ನಿಷ್ಕ್ರಿಯತೆ ಉಂಟಾಯಿತು. 2014ರಲ್ಲಿ ಅಲ್ಲಿನ ವೈದ್ಯರ ಗುಂಪೊಂದು ಈ ತಪಾಸಣೆ ನಿಲ್ಲಿಸುವಂತೆ ಸಾರ್ವಜನಿಕವಾಗಿ ಕೋರಿತು. ಒಂದೇ ವರ್ಷದಲ್ಲಿ ಶಸ್ತ್ರಚಿಕಿತ್ಸೆಗಳ ಸಂಖ್ಯೆ ಮೂರನೇ ಒಂದರಷ್ಟು ಇಳಿಯಿತು.

ಪಕ್ಕದ ಜಪಾನ್ ಬೇರೆಯೇ ದಾರಿ ಹಿಡಿದಿತ್ತು. ಕೋಬೆ ನಗರದ ಕುಮಾ ಆಸ್ಪತ್ರೆಯ ಅಕಿರಾ ಮಿಯೌಚಿ ಅವರ ಸಲಹೆಯಂತೆ 1993ರಿಂದಲೇ, ಒಂದು ಸೆಂಟಿಮೀಟರಿಗಿಂತ ಚಿಕ್ಕದಾದ ನಿರಾತಂಕ ಪ್ಯಾಪಿಲರಿ ಕ್ಯಾನ್ಸರುಗಳನ್ನು ಕತ್ತರಿಸದೆ ಕಾಯುವ ಕ್ರಮ ಆರಂಭವಾಯಿತು. ಹೀಗೆ ಕಾದ 1,235 ರೋಗಿಗಳ ವಿವರ 2014ರಲ್ಲಿ ಪ್ರಕಟವಾಯಿತು. ಹತ್ತು ವರ್ಷಗಳಲ್ಲಿ ಗಂಟು 3 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಬೆಳೆದದ್ದು ಶೇ 8 ಮಂದಿಯಲ್ಲಿ. ದುಗ್ಧಗ್ರಂಥಿಗೆ ಹರಡಿದ್ದು ಶೇ 3.8 ಮಂದಿಯಲ್ಲಿ. ಥೈರಾಯ್ಡ್ ಕ್ಯಾನ್ಸರಿನಿಂದ ಒಬ್ಬರೂ ಸಾಯಲಿಲ್ಲ. ಬೆಳೆದವರಿಗೆ ತಡವಾಗಿ ಶಸ್ತ್ರಚಿಕಿತ್ಸೆ ಮಾಡಿದರೂ ನಷ್ಟವೇನೂ ಆಗಲಿಲ್ಲ. ಇನ್ನೊಂದು ಕುತೂಹಲಕರ ಅಂಶ: ಗಂಟು ಬೆಳೆದದ್ದು ಕಿರಿಯರಲ್ಲೇ ಹೆಚ್ಚು, ಅರವತ್ತು ದಾಟಿದವರಲ್ಲಿ ತೀರಾ ಕಡಿಮೆ.

ಕಾಯುವುದೆಂದರೆ ಕೈಬಿಡುವುದಲ್ಲ. ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ತಪ್ಪದೆ ಸ್ಕ್ಯಾನಿಂಗ್ ಮಾಡಿಸಬೇಕು, ನೋಡುವ ವೈದ್ಯರು ಅನುಭವಸ್ಥರಾಗಿರಬೇಕು. ಗಂಟು ಶ್ವಾಸನಾಳಕ್ಕೋ ನರದ ಹಾದಿಗೋ ತಗುಲಿದ್ದರೆ ಈ ಕ್ರಮ ಸಲ್ಲದು. ನಮ್ಮಲ್ಲಿ ಊರು ಬದಲಿಸಿದ ಮೇಲೆ ಹಳೆಯ ವರದಿಗಳನ್ನು ಕಳೆದುಕೊಳ್ಳುವ ರೂಢಿ ಇರುವಾಗ ಇದು ಎಲ್ಲರಿಗೂ ಹೊಂದದು ಎಂಬ ಮಾತಿನಲ್ಲಿ ಹುರುಳಿದೆ.

ಭಾರತದಲ್ಲಿ ಈ ಬೆಳವಣಿಗೆಯ ಸುಳಿವು ಕ್ಯಾನ್ಸರ್ ನೋಂದಣಿಗಳಲ್ಲಿ ಸಿಗುತ್ತದೆ. ದೇಶದ ನೋಂದಣಿ ಕಾರ್ಯಕ್ರಮದ ಮಾಹಿತಿಯನ್ನು ಕ್ರೋಡೀಕರಿಸುವ ಐಸಿಎಂಆರ್ ಕೇಂದ್ರ ಇರುವುದು ಬೆಂಗಳೂರಿನಲ್ಲೇ. ನಗರದ ನೋಂದಣಿಯನ್ನು ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ ಅದರ ಆರಂಭದ ವರ್ಷಗಳಿಂದ ನಡೆಸಿಕೊಂಡು ಬಂದಿದೆ. ಕೇರಳದ ತಿರುವನಂತಪುರದಲ್ಲಿ ಮಹಿಳೆಯರ ಥೈರಾಯ್ಡ್ ಕ್ಯಾನ್ಸರ್ ಪ್ರಮಾಣ ದೇಶದ ಇತರ ಹಲವು ನೋಂದಣಿಗಳಿಗಿಂತ ಬಹಳ ಹೆಚ್ಚು. ತಪಾಸಣೆ ಸುಲಭವಾಗಿ ಸಿಗುವ ಕಡೆ ಪತ್ತೆಯೂ ಹೆಚ್ಚು ಎಂಬ ವಿವರಣೆಯನ್ನು ಸಂಶೋಧಕರು ಮುಂದಿಟ್ಟಿದ್ದಾರೆ.

ಹೆಸರನ್ನೇ ಬದಲಿಸಿದ ಉದಾಹರಣೆಯೂ ಇದೆ. ಪೊರೆಯೊಳಗೇ ಬಂದಿಯಾಗಿರುವ ಒಂದು ಬಗೆಯ ಪ್ಯಾಪಿಲರಿ ಗಡ್ಡೆ ಹಾನಿ ಮಾಡುವುದಿಲ್ಲವೆಂದು ಖಾತ್ರಿಯಾದ ಮೇಲೆ, 2016ರಲ್ಲಿ ಅಂತರರಾಷ್ಟ್ರೀಯ ಪೆಥಾಲಜಿ ತಜ್ಞರ ತಂಡ ಅದರ ಹೆಸರಿನಿಂದ ಕ್ಯಾನ್ಸರ್ ಎಂಬ ಪದವನ್ನು ಕಿತ್ತುಹಾಕಿತು. ಒಂದು ಪದ ಹೋದದ್ದರಿಂದ ಎಷ್ಟು ಮಂದಿಗೆ ವಿಕಿರಣ ಚಿಕಿತ್ಸೆ ತಪ್ಪಿತೋ!

ಅರ್ಧವೋ, ಪೂರ್ತಿಯೋ

ಶಸ್ತ್ರಚಿಕಿತ್ಸೆ ಬೇಕೇ ಬೇಕೆನ್ನುವ ಗಂಟುಗಳಲ್ಲೂ ಅಳತೆ ಬದಲಾಗಿದೆ. ಒಂದು ಸೆಂಟಿಮೀಟರ್ ಮೀರಿದ ಕ್ಯಾನ್ಸರ್ ಎಂದರೆ ಪೂರ್ಣ ಗ್ರಂಥಿ ತೆಗೆಯುವುದು ಬಹುಕಾಲ ನಿಯಮವಾಗಿತ್ತು. ಒಂದರಿಂದ ನಾಲ್ಕು ಸೆಂಟಿಮೀಟರ್ ಒಳಗಿನ, ಹೊರಗೆ ಹರಡದ ಗಡ್ಡೆಗೆ ಒಂದು ಹಾಲೆ ತೆಗೆದರೂ ಸಾಕಾಗಬಹುದು ಎಂದು ಅಮೆರಿಕನ್ ಥೈರಾಯ್ಡ್ ಸಂಘ 2015ರ ಮಾರ್ಗಸೂಚಿಯಲ್ಲಿ ಒಪ್ಪಿಕೊಂಡಿತು. 2025ರ ಪರಿಷ್ಕರಣೆಯೂ ಇದೇ ದಿಕ್ಕಿನದು. ಒಂದು ಹಾಲೆ ಉಳಿದರೆ ಆ ಬದಿಯ ನರ, ಆ ಬದಿಯ ಪ್ಯಾರಾಥೈರಾಯ್ಡ್‌ಗಳು ಸುರಕ್ಷಿತ. ಹಲವರಿಗೆ ಜೀವನಪೂರ್ತಿ ಮಾತ್ರೆಯೂ ತಪ್ಪುತ್ತದೆ.

ಪೂರ್ಣ ತೆಗೆಯಬೇಕಾದ ಸಂದರ್ಭಗಳು ಈಗಲೂ ಇವೆ. ದೊಡ್ಡ ಗಡ್ಡೆ, ಎರಡೂ ಬದಿಯ ರೋಗ, ದುಗ್ಧಗ್ರಂಥಿಗಳಿಗೆ ಅಥವಾ ಶ್ವಾಸಕೋಶಕ್ಕೆ ಹರಡಿದ ರೋಗ, ಬಾಲ್ಯದಲ್ಲಿ ಕೊರಳು ವಿಕಿರಣಕ್ಕೆ ಒಡ್ಡಿಕೊಂಡ ಇತಿಹಾಸ. 1986ರ ಚೆರ್ನೊಬಿಲ್ ದುರಂತದ ನಂತರ ವಿಕಿರಣಶೀಲ ಅಯೋಡಿನ್ ಬೆರೆತ ಹಾಲು ಕುಡಿದ ಉಕ್ರೇನ್, ಬೆಲಾರಸ್ ಮತ್ತು ರಷ್ಯಾದ ಮಕ್ಕಳಲ್ಲಿ ಥೈರಾಯ್ಡ್ ಕ್ಯಾನ್ಸರ್ ಹೆಚ್ಚಿದ್ದು ಈಗ ಇತಿಹಾಸ.

ಅದೇ ವಿಕಿರಣಶೀಲ ಅಯೋಡಿನ್ ಮದ್ದೂ ಹೌದೆಂಬುದು ಈ ರೋಗದ ಸೋಜಿಗ. ಥೈರಾಯ್ಡ್ ಕೋಶ ಎಲ್ಲಿ ಹೋದರೂ ಅಯೋಡಿನ್ ಹೀರುವ ತನ್ನ ಚಾಳಿ ಬಿಡದು. ಶ್ವಾಸಕೋಶಕ್ಕೋ ಮೂಳೆಗೋ ಹೋಗಿ ನೆಲೆಸಿದ ಕ್ಯಾನ್ಸರ್ ಕೋಶವೂ ಹಾಗೆಯೇ. ಅಯೋಡಿನ್-131 ಅನ್ನು ಕುಡಿಸಿದರೆ ಅದು ಆ ಕೋಶಗಳನ್ನು ಹುಡುಕಿಕೊಂಡು ಹೋಗಿ ಒಳಗಿನಿಂದಲೇ ಸುಡುತ್ತದೆ. ಎಂಟು ದಿನಗಳಿಗೊಮ್ಮೆ ಅದರ ಶಕ್ತಿ ಅರ್ಧಕ್ಕಿಳಿಯುತ್ತದೆ. ಅಮೆರಿಕದ ಸಾಲ್ ಹರ್ಟ್ಸ್ 1941ರಲ್ಲಿ ಥೈರಾಯ್ಡ್ ಅತಿಸ್ರಾವಕ್ಕೆ ವಿಕಿರಣಶೀಲ ಅಯೋಡಿನ್ ಬಳಸಿದ ಮೇಲೆ ಈ ದಾರಿ ತೆರೆಯಿತು. ನಮ್ಮಲ್ಲಿ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರ 1963ರಲ್ಲಿ ಮುಂಬೈಯಲ್ಲಿ ಸ್ಥಾಪಿಸಿದ ವಿಕಿರಣ ವೈದ್ಯಕೀಯ ಕೇಂದ್ರ ಇದರ ಮುಂಚೂಣಿಯಲ್ಲಿತ್ತು. ಚಿಕಿತ್ಸೆಗೆ ಮುನ್ನ ಒಂದೆರಡು ವಾರ ಅಯೋಡಿನ್‌ಯುಕ್ತ ಉಪ್ಪು, ಮೀನು ಬಿಡಬೇಕು; ಆನಂತರ ಕೆಲವು ದಿನ ಪ್ರತ್ಯೇಕ ಕೊಠಡಿಯಲ್ಲಿರಬೇಕು. ಗರ್ಭಿಣಿಯರಿಗೆ, ಹಾಲೂಡಿಸುವವರಿಗೆ ಇದು ನಿಷಿದ್ಧ.

ಇಲ್ಲಿಯೂ ಬಳಕೆ ಇಳಿಮುಖವಾಗುತ್ತಿದೆ. ಕಡಿಮೆ ಅಪಾಯದ ಸಣ್ಣ ಗಡ್ಡೆಗಳಿಗಾಗಿ ಪೂರ್ಣ ಗ್ರಂಥಿ ತೆಗೆಸಿಕೊಂಡ 776 ರೋಗಿಗಳನ್ನು ಫ್ರಾನ್ಸಿನಲ್ಲಿ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಅಯೋಡಿನ್ ಕೊಡಲಾಯಿತು. 2022ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮೂರು ವರ್ಷಗಳ ಬಳಿಕ ಎರಡೂ ಗುಂಪುಗಳಲ್ಲಿ ಸುಮಾರು ಶೇ 96 ಮಂದಿ ತೊಂದರೆಯಿಲ್ಲದೆ ಇದ್ದರು.

ವಯಸ್ಸಿಗೂ ಇಲ್ಲಿ ವಿಶೇಷ ಬೆಲೆಯಿದೆ. 55 ವರ್ಷದೊಳಗಿನವರ ಪ್ಯಾಪಿಲರಿ ಅಥವಾ ಫಾಲಿಕ್ಯುಲರ್ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದ್ದರೂ ಅದನ್ನು ಎರಡನೇ ಹಂತವೆಂದೇ ಎಣಿಸಲಾಗುತ್ತದೆ. ಬೇರೆ ಕ್ಯಾನ್ಸರುಗಳಲ್ಲಿ ಇಂಥ ಔದಾರ್ಯ ಕಾಣುವುದು ಕಷ್ಟ.

ಕಾಯಬಾರದ ಬಗೆಗಳು

ಮೇಲಿನ ನೆಮ್ಮದಿಯ ಮಾತುಗಳು ಎಲ್ಲ ಥೈರಾಯ್ಡ್ ಕ್ಯಾನ್ಸರುಗಳಿಗೂ ಅನ್ವಯಿಸುವುದಿಲ್ಲ. ಮೆಡ್ಯುಲರಿ ಎಂಬ ಬಗೆ ಹುಟ್ಟುವುದು ಕ್ಯಾಲ್ಸಿಟೋನಿನ್ ಎಂಬ ಬೇರೊಂದು ಹಾರ್ಮೋನು ತಯಾರಿಸುವ ಕೋಶಗಳಿಂದ. ಅವು ಅಯೋಡಿನ್ ಹೀರುವುದಿಲ್ಲವಾದ್ದರಿಂದ ಅಯೋಡಿನ್ ಚಿಕಿತ್ಸೆ ಇಲ್ಲಿ ನಿಷ್ಪ್ರಯೋಜಕ. ಮೊದಲ ಶಸ್ತ್ರಚಿಕಿತ್ಸೆ ಸಂಪೂರ್ಣವಾಗಿರಬೇಕು. ಇಡೀ ಗ್ರಂಥಿಯ ಜತೆ ಕೊರಳ ನಡುವಿನ ದುಗ್ಧಗ್ರಂಥಿಗಳನ್ನೂ ತೆಗೆಯುತ್ತಾರೆ.

ಮೆಡ್ಯುಲರಿ ಕ್ಯಾನ್ಸರಿನ ಸುಮಾರು ಕಾಲುಭಾಗ ವಂಶಪಾರಂಪರ್ಯದ್ದು. ರೆಟ್ ಎಂಬ ವಂಶವಾಹಿಯ ದೋಷ ಇದಕ್ಕೆ ಮೂಲವೆಂದು 1993ರಲ್ಲಿ ತಿಳಿದುಬಂತು. ತಂದೆ ಅಥವಾ ತಾಯಿಗೆ ದೋಷವಿದ್ದರೆ ಪ್ರತಿಯೊಂದು ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ದೋಷದ ಬಗೆ ನೋಡಿ, ಕ್ಯಾನ್ಸರ್ ಹುಟ್ಟುವ ಮೊದಲೇ ಐದು ವರ್ಷದೊಳಗೆ, ತೀವ್ರ ಬಗೆಯಾದರೆ ಮೊದಲ ವರ್ಷದಲ್ಲೇ ಮಗುವಿನ ಥೈರಾಯ್ಡ್ ತೆಗೆಯುವುದುಂಟು. ಕಡಿಮೆ ಕತ್ತರಿಸಿ ಎನ್ನುವ ವಿಜ್ಞಾನವೇ ಇಲ್ಲಿ ಆರೋಗ್ಯವಂತ ಮಗುವಿನ ಗ್ರಂಥಿಯನ್ನು ತೆಗೆಯಿರಿ ಎನ್ನುತ್ತದೆ. ಆದ್ದರಿಂದ ಒಬ್ಬರಿಗೆ ಮೆಡ್ಯುಲರಿ ಎಂದು ತಿಳಿದರೆ ವಂಶವಾಹಿ ಪರೀಕ್ಷೆ ಅತ್ಯಗತ್ಯ.

ಇದೇ ಕುಟುಂಬಗಳಲ್ಲಿ ಮತ್ತೊಂದು ಗುಪ್ತ ಶತ್ರು ಅಡಗಿರಬಹುದು: ಮೂತ್ರಪಿಂಡದ ಮೇಲೆ ಕುಳಿತ ಅಡ್ರಿನಲ್ ಗ್ರಂಥಿಯ ಫಿಯೋಕ್ರೋಮೋಸೈಟೋಮಾ ಎಂಬ ಗಡ್ಡೆ. ಇದು ಆಗಾಗ ಅಡ್ರಿನಲಿನ್ ಚಿಮ್ಮಿಸಿ ರಕ್ತದೊತ್ತಡವನ್ನು ಆಕಾಶಕ್ಕೇರಿಸುತ್ತದೆ. ತಲೆನೋವು, ಬೆವರು, ಎದೆಬಡಿತ ಇದರ ಗುರುತು. ಇದನ್ನು ಗುರುತಿಸದೆ ಥೈರಾಯ್ಡ್ ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಟ್ಟರೆ ಮೇಜಿನ ಮೇಲೆಯೇ ಪ್ರಾಣಾಪಾಯ. ಆದ್ದರಿಂದ ಮೊದಲು ರಕ್ತ ಅಥವಾ ಮೂತ್ರ ಪರೀಕ್ಷೆ. ಗಡ್ಡೆಯಿದ್ದರೆ ಮೊದಲು ಅದೇ ಹೊರಹೋಗಬೇಕು, ಥೈರಾಯ್ಡ್ ನಂತರ. ಅದಕ್ಕೂ ಮುನ್ನ ಒಂದೆರಡು ವಾರ ರಕ್ತನಾಳಗಳನ್ನು ಹಿಗ್ಗಿಸುವ ಆಲ್ಫಾ ಬ್ಲಾಕರ್ ಔಷಧ, ಎದೆಬಡಿತ ಇಳಿಸುವ ಬೀಟಾ ಬ್ಲಾಕರ್ ಬೇಕಾದರೆ ಆಮೇಲೆ. ಈ ಕ್ರಮ ತಿರುಗುಮುರುಗಾದರೆ ಅನಾಹುತ. 1926ರಲ್ಲಿ ಇಂಥ ಗಡ್ಡೆಯನ್ನು ಯಶಸ್ವಿಯಾಗಿ ತೆಗೆದ ಮೊದಲಿಗರಲ್ಲಿ ಒಬ್ಬರಾದ ಲೂಸಾನ್‌ನ ಸೀಸರ್ ರೂ, ಕೋಖರ್ ಅವರ ಗರಡಿಯಲ್ಲೇ ಪಳಗಿದವರು.

ಕೊನೆಯದು ಅನಾಪ್ಲಾಸ್ಟಿಕ್. ನೂರರಲ್ಲಿ ಒಂದೆರಡು ಮಾತ್ರ, ಆದರೆ ಮನುಷ್ಯನಿಗೆ ಬರುವ ಅತ್ಯಂತ ಉಗ್ರ ಕ್ಯಾನ್ಸರುಗಳಲ್ಲಿ ಒಂದು. ವಯಸ್ಸಾದವರ ಕೊರಳಿನ ಹಳೆಯ ಗಂಟು ವಾರಗಳಲ್ಲಿ ಉಬ್ಬಿ, ದನಿ ಕೆಟ್ಟು, ನುಂಗಲು ಉಸಿರಾಡಲು ತೊಂದರೆಯಾದರೆ ಒಂದು ದಿನವೂ ತಡಮಾಡುವಂತಿಲ್ಲ. ಬ್ರಾಫ್ ಎಂಬ ವಂಶವಾಹಿಯ ನಿರ್ದಿಷ್ಟ ಬದಲಾವಣೆಯಿದ್ದವರಿಗೆ 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಎರಡು ಮಾತ್ರೆಗಳ ಜೋಡಿ ಈ ಕತ್ತಲಲ್ಲಿ ಒಂದಿಷ್ಟು ಬೆಳಕು ತಂದಿದೆ. ಅದರಿಂದ ಗಡ್ಡೆ ಕುಗ್ಗಿ ಶಸ್ತ್ರಚಿಕಿತ್ಸೆಗೆ ಒದಗಿದ ನಿದರ್ಶನಗಳಿವೆ.

ಯಾರ ಕೈಯಲ್ಲಿ?

ವರ್ಷಕ್ಕೆ 25ಕ್ಕಿಂತ ಹೆಚ್ಚು ಥೈರಾಯ್ಡ್ ಶಸ್ತ್ರಚಿಕಿತ್ಸೆ ನಡೆಸುವವರ ರೋಗಿಗಳಲ್ಲಿ ತೊಡಕುಗಳು ಕಡಿಮೆ ಎಂದು 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಹೇಳಿದೆ. ನಮ್ಮಲ್ಲಿ ಈ ಕೆಲಸವನ್ನು ಸಾಮಾನ್ಯ ಶಸ್ತ್ರವೈದ್ಯರು, ಕಿವಿ-ಮೂಗು-ಗಂಟಲು ತಜ್ಞರು, ಕ್ಯಾನ್ಸರ್ ಶಸ್ತ್ರವೈದ್ಯರು ಎಲ್ಲರೂ ಮಾಡುತ್ತಾರೆ. ನಿರ್ನಾಳ ಗ್ರಂಥಿಗಳಿಗೇ ಮೀಸಲಾದ ಎಂ.ಸಿಎಚ್. ಪದವಿ ಲಖನೌದ ಸಂಜಯ ಗಾಂಧಿ ಸ್ನಾತಕೋತ್ತರ ಸಂಸ್ಥೆಯೂ ಸೇರಿದಂತೆ ಕೆಲವೇ ಕಡೆ ಇದೆ. ಪದವಿಯ ಹೆಸರಿಗಿಂತ ಮುಖ್ಯವಾದದ್ದು ಕೈ ಪಳಗಿದೆಯೇ ಎಂಬುದು. ‘ವರ್ಷಕ್ಕೆ ಎಷ್ಟು ಮಾಡುತ್ತೀರಿ? ನನಗೆ ಒಂದು ಹಾಲೆ ಸಾಕಾಗುವುದಿಲ್ಲವೇ? ಮೊದಲೂ ಆಮೇಲೂ ಧ್ವನಿತಂತು ಪರೀಕ್ಷಿಸುತ್ತೀರಾ?’ ಎಂದು ಕೇಳುವುದು ಉದ್ಧಟತನವಲ್ಲ. ಒಳ್ಳೆಯ ವೈದ್ಯರು ಇದಕ್ಕೆ ಬೇಸರಿಸುವುದೂ ಇಲ್ಲ.

ಶಸ್ತ್ರಚಿಕಿತ್ಸೆಯಾದ ಮೊದಲ ರಾತ್ರಿ ಆಸ್ಪತ್ರೆಯಲ್ಲೇ ಕಳೆಯುವುದು ಕ್ಷೇಮ. ಒಳಗೆ ರಕ್ತಸ್ರಾವವಾಗಿ ಕೊರಳು ಊದಿ ಉಸಿರು ಕಟ್ಟುವ ಅಪರೂಪದ ತೊಡಕು ಹೆಚ್ಚಾಗಿ ಮೊದಲ 24 ಗಂಟೆಗಳಲ್ಲೇ ಬರುತ್ತದೆ. ಆಗ ಹಾಸಿಗೆಯ ಬಳಿಯಲ್ಲೇ ಹೊಲಿಗೆ ಬಿಚ್ಚಬೇಕಾಗುತ್ತದೆ. ತುಟಿ, ಬೆರಳು ಜುಮುಗುಟ್ಟಿದರೆ ನಿತ್ರಾಣವೆಂದು ಸುಮ್ಮನಿರದೆ ಕೂಡಲೇ ಹೇಳಬೇಕು.

ಮನೆಗೆ ಬಂದ ಮೇಲಿನ ಕಥೆ ಥೈರಾಕ್ಸಿನ್ ಮಾತ್ರೆಯದು. ಬೆಳಗ್ಗೆ ಬರಿಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ, ತಿಂಡಿಗೆ ಅರ್ಧದಿಂದ ಒಂದು ಗಂಟೆ ಕಾಯಬೇಕು. ಕ್ಯಾಲ್ಸಿಯಂ ಹಾಗೂ ಕಬ್ಬಿಣದ ಮಾತ್ರೆಗಳಿಗೂ ಇದಕ್ಕೂ ನಾಲ್ಕು ಗಂಟೆಗಳ ಅಂತರವಿರಲಿ. ಗರ್ಭ ಧರಿಸಿದೊಡನೆ ಪ್ರಮಾಣ ಹೆಚ್ಚಿಸಬೇಕಾಗುತ್ತದೆ, ಆದ್ದರಿಂದ ವೈದ್ಯರನ್ನು ಬೇಗ ಕಾಣಬೇಕು. ಇನ್ನು ನಮ್ಮವರಿಗೆ ತುಸು ಕಷ್ಟವೆನಿಸುವ ಸೂಚನೆಯೊಂದಿದೆ. ಮಾತ್ರೆಯ ಬೆನ್ನಿಗೇ ಕುಡಿದ ಕಾಫಿ ಅದು ರಕ್ತ ಸೇರುವುದನ್ನು ತಗ್ಗಿಸುತ್ತದೆ ಎಂಬುದು ಪರೀಕ್ಷೆಗಳಿಂದ ಖಚಿತವಾಗಿದೆ. ಎಷ್ಟು ಮಾತ್ರೆ ಏರಿಸಿದರೂ ಟಿಎಸ್‌ಎಚ್ ಇಳಿಯುತ್ತಿಲ್ಲವೆಂದು ವೈದ್ಯರಿಂದ ವೈದ್ಯರಿಗೆ ಅಲೆಯುವ ಮುನ್ನ, ಬೆಳಗಿನ ಲೋಟವನ್ನು ಒಂದು ಗಂಟೆ ಮುಂದಕ್ಕೆ ಹಾಕಿ ಆರು ವಾರಗಳ ನಂತರ ಮತ್ತೆ ರಕ್ತಪರೀಕ್ಷೆ ಮಾಡಿಸಿ ನೋಡುವುದು ಒಳ್ಳೆಯದು.